ಸೋಸಿದ ಧ್ವನಿ

ಹೊಳೆ ದಂಡೆಯ ಮೇಲೊಂದು ಮಠ, ಮಠದಲ್ಲೊಬ್ಬರು ಅಜ್ಜಾರು. ಮಠವೂ ದೊಡ್ಡದಲ್ಲ, ಅದರ ಹೆಸರೂ ದೊಡ್ಡದಲ್ಲ. ಅಜ್ಜಾರು ಹಗಲೆಲ್ಲ ಮೌನ. ಹೊತ್ತು ಇಳಿದ ಮೇಲೆ ಕಲ್ಲಿನ ಮಂಟಪದಲ್ಲಿ ಕೂತು ನಾಲ್ಕು ಮಾತು ಹೇಳುತ್ತಿದ್ದರು. ಕೇಳುವವರು ಕೇಳಿ ಮನೆಗೆ ಹೋಗುತ್ತಿದ್ದರು.

ಒಂದು ಸಂಜೆ ಅಲ್ಲಿಗೆ ಮುರಿಗೆಪ್ಪ ಎಂಬವನು ಬಂದ. ಬಂದವನೇ ಅಡ್ಡಬಿದ್ದ.

'ಉಪದೇಶ ಕೊಡ್ರಿ ಅಜ್ಜಾರ.'

'ಏನ್ ಕೆಲಸ ಮಾಡ್ತಿದ್ದಿ ತಮ್ಮಾ?'

'ಹೆಡ್‌ಫೋನ್ ಪರೀಕ್ಷೆ ಮಾಡೂದ್ರಿ. ವೈರ್ ಇಲ್ಲದ್ದು. ಕಂಪನಿಯವರು ಹೊಸಾದು ಮಾಡಿದ್ರ ನಾ ಕಿವಿಗೆ ಹಾಕ್ಕೊಂಡು, ಧ್ವನಿ ಎಲ್ಲಿ ಕೆಟ್ಟೈತಿ ಅಂತ ಹೇಳಬೇಕು.'

'ಎಲ್ಲಿ ಕುಂತು ಹೇಳ್ತಿದ್ದಿ?'

'ಒಂದು ಕ್ವಾಣ್ಯಾಗ. ಗ್ವಾಡಿಗೆಲ್ಲ ಸ್ಪಂಜು ಹಚ್ಚಿರ್ತಾರ. ಹೊರಗಿನ ಸಪ್ಪಳ ಒಳಗ ಬರೂದಿಲ್ಲ. ಸುಮ್ನ ಕುಂತ್ರ ನಮ್ಮ ಎದಿ ಬಡಿಯೂದು ನಮಗ ಕೇಳ್ತೈತಿ.'

'ಮತ್ತ ಯಾರ ಮಾತು ಕೇಳ್ತಿತ್ತು?'

ಮುರಿಗೆಪ್ಪ ತಲೆ ತಗ್ಗಿಸಿದ.

'ಯಾರದೂ ಇಲ್ರಿ. ಮನ್ಯಾಗೂ ಯಾರೂ ಇಲ್ಲ.'

ಅಜ್ಜಾರು ಎದ್ದು ನಿಂತರು.

'ಉಪದೇಶ ಇರಲಿ. ಮೊದಲ ಉಂಡು ಹೋಗು, ನಡಿ.'

ಮುರಿಗೆಪ್ಪ ಉಂಡ. ಆದರೆ ಹೋಗಲಿಲ್ಲ. ಮಠದ ಅಂಗಳ ಗುಡಿಸಿಕೊಂಡು, ನೀರು ಹೊತ್ತುಕೊಂಡು ಅಲ್ಲೇ ಉಳಿದ. ಉಪದೇಶವೇನೂ ಸಿಗಲಿಲ್ಲ. ಸಿಕ್ಕಿದ್ದು ದಿನಕ್ಕೊಂದು ಸಂಜೆ, ಆ ಸಂಜೆಗೊಂದು ಮನುಷ್ಯನ ಧ್ವನಿ. ನಿಜ ಹೇಳಬೇಕೆಂದರೆ, ಈ ಲೋಕದಲ್ಲಿ ಅವನದು ಅಂತ ಇದ್ದದ್ದು ಅದೊಂದೇ.

ಆ ಧ್ವನಿಗೆ ವಯಸ್ಸಾಗುತ್ತಿತ್ತು. ಹಿಂದೆ ಕೂತವರಿಗೆ ಮಾತು ಮುಟ್ಟುತ್ತಿರಲಿಲ್ಲ. ಸ್ಪೀಕರ್ ಇಟ್ಟರೆ ಕಲ್ಲಿನ ಮಂಟಪ ಗುಮ್ಮೆಂದು ಒಂದು ಮಾತಿನ ಮೇಲೆ ಇನ್ನೊಂದು ಬೀಳುತ್ತಿತ್ತು.

ಮಂಟಪದ ಮೊದಲ ಕಂಬಕ್ಕೆ ಆತು ಕೂರುತ್ತಿದ್ದವಳು ನೀಲವ್ವ, ಮಠದ ಅಡುಗೆಯವಳು. ಅವಳದೊಂದು ಕೆಲಸವಿತ್ತು. ಅಜ್ಜಾರು ಒಂದು ಮಾತು ಮುಗಿಸಿದ ಕೂಡಲೇ ಅವಳು 'ಹೂಂ' ಅನ್ನಬೇಕು. ಹೇಳುವವರಿಗೆ ಹೂಂಗುಟ್ಟುವವರು ಒಬ್ಬರಿರಬೇಕು ಎಂಬುದು ಆ ಕಡೆಯ ರೂಢಿ. ಇಲ್ಲದಿದ್ದರೆ ಹೇಳುವ ಬಾಯಿ ಸೋಲುತ್ತದೆ.

ಮುರಿಗೆಪ್ಪ ಒಂದು ದಿನ ಪೇಟೆಗೆ ಹೋಗಿ ದೊಡ್ಡ ಪೆಟ್ಟಿಗೆ ತಂದ. ಅದರ ತುಂಬ, ಹೊರಗಿನ ಸಪ್ಪಳ ಒಳಗೆ ಬಿಡದ ಹೆಡ್‌ಫೋನು. ಜೊತೆಗೆ ಹುಣಸೆಬೀಜದಷ್ಟು ಸಣ್ಣ ಮೈಕು.

'ಇದನ್ನ ನಿಮ್ಮ ಶಾಲಿಗೆ ಸಿಗಸ್ತೀನ್ರಿ ಅಜ್ಜಾರ. ನೀವು ಪಿಸುಗುಟ್ಟಿದ್ರೂ ಎಲ್ಲಾರ ಕಿವಿಗೆ ಹೋಗತೈತಿ. ನಡುವ ವೈರ್ ಇಲ್ಲ.'

'ನಡುವ ಏನಿರತೈತಿ?'

'ಏನೂ ಇರೂದಿಲ್ರಿ.'

'ಏನೂ ಇಲ್ಲದ್ದರ ಮ್ಯಾಲೆ ನಡಕೊಂಡು ಹೋಗತೈತೇನು? ಶಾಣ್ಯಾ ಐತಿ ಬಿಡು.'

ಅಜ್ಜಾರಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಆದರೆ ಆ ಸಂಜೆ ನೀಲವ್ವ ಹೆಡ್‌ಫೋನ್ ಹಾಕಿಕೊಂಡು ಕೂತವಳು ಸೆರಗು ಬಾಯಿಗೆ ಒತ್ತಿ ಅಳತೊಡಗಿದಳು.

'ಯಾಕಬೇ ನೀಲವ್ವಾ?' ಎಂದು ಅಜ್ಜಾರು ಮಾತು ನಿಲ್ಲಿಸಿ ಕೇಳಿದರು.

'ಅಜ್ಜಾರ, ನೀವು ಇಷ್ಟು ಚಂದ ಮಾತಾಡ್ತೀರಂತ ನನಗ ಗೊತ್ತಽ ಇರಲಿಲ್ಲ. ನನ್ನ ಕಿವಿ ಮಂದ ಆಗಿ ಭಾಳ ವರ್ಷ ಆತು.'

'ಮತ್ತ ದಿನಾ ಹೂಂ ಅಂತಿದ್ದೆಲ್ಲ?'

'ನಿಮ್ಮ ಮಾರಿ ನೋಡಿ ಅಂತಿದ್ನಿ.'

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮುರಿಗೆಪ್ಪನ ಕಡೆ ತಿರುಗಿ, 'ಆಕಿಗೆ ಕೇಳ್ತಂದ್ರ ಆತು, ದಿನಾ ಹಚ್ಚು,' ಎಂದರು.

ದಿನಾ ಹಚ್ಚಿದ. ಊರವರಿಗೆ ಹಿಗ್ಗೋ ಹಿಗ್ಗು. ಹಿಂದೆ ಕೂತವರಿಗೂ ಅಜ್ಜಾರು ಕಿವಿಯೊಳಗೇ ಕೂತು ಹೇಳಿದ ಹಾಗೆ ಕೇಳುತ್ತಿತ್ತು. ಹಾಗಿರುವಾಗ ಮಂಟಪದ ಕಲ್ಲಿನ ಮೇಲೆ ಕೂತು ಸೊಂಟ ಯಾಕೆ ನೋಯಿಸಿಕೊಳ್ಳಬೇಕು? ಒಬ್ಬ ಬೇವಿನ ಮರದ ಬುಡಕ್ಕೆ ಹೋದ, ಇನ್ನೊಬ್ಬ ಹೊಳೆಯ ಮೆಟ್ಟಿಲಿಗೆ ಹೋದ. ಮತ್ತಿಬ್ಬರು ಅತಿಥಿ ಕೋಣೆಯಲ್ಲಿ ಕಾಲು ಚಾಚಿ ಮಲಗಿದರು. ನೀಲವ್ವನಿಗಂತೂ ಕೆಲಸ ಹಗುರಾಯಿತು. ಒಲೆ ಮುಂದೆ ರೊಟ್ಟಿ ಬಡಿಯುತ್ತಲೇ ಪ್ರವಚನ ಕೇಳುತ್ತಿದ್ದಳು. ಈಗ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಹೂಂ ಅನ್ನುವುದು ಮಾತ್ರ ಮರೆತೇಹೋಯಿತು. ಅಂದಿದ್ದರೂ ಅಡುಗೆಮನೆಯಿಂದ ಯಾರಿಗೆ ಕೇಳಬೇಕು?

ಯಾರನ್ನೂ ಬೈಯುವ ಹಾಗಿಲ್ಲ. ಎಲ್ಲರೂ ಮೊದಲಿಗಿಂತ ಚೆನ್ನಾಗಿಯೇ ಕೇಳುತ್ತಿದ್ದರು.

ಮುರಿಗೆಪ್ಪನೂ ಮಂಟಪದಲ್ಲಿ ಇರುತ್ತಿರಲಿಲ್ಲ. ಅಜ್ಜಾರ ಶಾಲಿಗೆ ಮೈಕು ಸಿಗಿಸಿ ಮಂಟಪದ ಹಿಂದಿನ ಉಗ್ರಾಣಕ್ಕೆ ಓಡುತ್ತಿದ್ದ. ಅಲ್ಲಿ ಕಾಳಿನ ಚೀಲಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬಾಗಿಲು ಮುಚ್ಚಿ, ಅಜ್ಜಾರ ಧ್ವನಿಯನ್ನು ಸೋಸುವುದು ಅವನ ಸೇವೆ. ಮೈಕಿನಿಂದ ಬಂದದ್ದು ಮೊದಲು ಅವನ ಯಂತ್ರಕ್ಕೆ, ಅಲ್ಲಿ ಸೋಸಿ ಉಳಿದದ್ದು ಎಲ್ಲರ ಕಿವಿಗೆ. ಅವನ ಕಿವಿಗೂ ಅದೇ.

ಒಂದು ಸಂಜೆ ಮೈಕು ಸಿಗಿಸುತ್ತ ಹೆಮ್ಮೆಯಿಂದ ಹೇಳಿದ:

'ಅಜ್ಜಾರ, ಗಾಳಿ ತೆಗದೀನಿ. ಕಾಗಿ ತೆಗದೀನಿ. ಇವತ್ತ ಹೊಳಿ ಸಪ್ಪಳಾನೂ ತೆಗದ್ನಿ.'

'ಹೊಳಿ ತೆಗದು ಎಲ್ಲಿ ಇಟ್ಟಿ?'

'ಎಲ್ಲೂ ಇಟ್ಟಿಲ್ರಿ. ಕೇಳೂದಿಲ್ಲ, ಅಷ್ಟ.'

'ಹೊಳಿಗೆ ತಿಳಿಸಿಯೇನು?'

ಮುರಿಗೆಪ್ಪ ನಕ್ಕ. ಅಜ್ಜಾರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡ. ಅಜ್ಜಾರು ಅವನ ಕೈ ಹಿಡಿದು, 'ಇವತ್ತ ಇಲ್ಲೇ ಕುಂದ್ರೋ,' ಎಂದರು.

'ಕುಂತ್ರ ಸೋಸೂದು ಯಾರ್ರಿ? ನಿಮ್ಮ ಧ್ವನಿ ಕೆಡತೈತಿ.'

ಅಜ್ಜಾರು ಕೈ ಬಿಟ್ಟರು.

ಆಮೇಲೆ ಚಳಿ ಬಂತು. ಹಗಲು ಸುಮ್ಮನಿರುತ್ತಿದ್ದ ಅಜ್ಜಾರಿಗೆ ಮಾತಿಗೆ ಕೂತಾಗ ಸಣ್ಣಗೆ ಕೆಮ್ಮು ಶುರುವಾಯಿತು. ಬೇವಿನ ಮರದ ಬುಡದಲ್ಲಿ ಕೂರುತ್ತಿದ್ದ ಭಕ್ತನೊಬ್ಬ ಉಗ್ರಾಣಕ್ಕೆ ಬಂದು, 'ಮುರಿಗೆಪ್ಪಾ, ಕಿವಿಯೊಳಗಽ ಕೆಮ್ಮಿದಂಗ ಆಗತೈತಿ. ಏನರ ಮಾಡಪಾ,' ಎಂದ.

ಮಾಡಿದ. ಆ ಯಂತ್ರಕ್ಕೆ ಒಂದು ಸದ್ದನ್ನು ಗುರುತು ಹಿಡಿಸಿಕೊಟ್ಟರೆ ಸಾಕು, ಅದು ಮತ್ತೆ ಬಂದಾಗಲೆಲ್ಲ ನುಂಗಿ ಹಾಕುತ್ತದೆ. ಮುರಿಗೆಪ್ಪ ಅಜ್ಜಾರ ಕೆಮ್ಮನ್ನು ಗುರುತು ಹಿಡಿಸಿಕೊಟ್ಟ. ಅವತ್ತಿನಿಂದ ಕೆಮ್ಮು ಬಂದ ಕಡೆ ಹೆಡ್‌ಫೋನಿನಲ್ಲಿ ತಣ್ಣನೆ ನಿಶ್ಶಬ್ದ.

ಭಕ್ತರಿಗೆ ಅದು ಬಹಳ ಹಿಡಿಸಿತು. 'ಅಜ್ಜಾರು ನಡುನಡುವ ಸುಮ್ನಾಗ್ತಾರ ನೋಡು, ಅದರಾಗ ಭಾಳ ಅರ್ಥ ಐತಿ,' ಎಂದು ಮಾತಾಡಿಕೊಂಡರು. ದಿನ ಕಳೆದ ಹಾಗೆ ಆ ನಿಶ್ಶಬ್ದ ಉದ್ದವಾಗುತ್ತ ಹೋಯಿತು. ಜನರ ಭಕ್ತಿಯೂ ಉದ್ದವಾಗುತ್ತ ಹೋಯಿತು.

ಒಂದು ಸಂಜೆ ಅಜ್ಜಾರು ಮಾತಿನ ಮಧ್ಯೆ ತಡೆದು ಕೇಳಿದರು:

'ಯಾರರ ಅದೀರೇನು?'

ಹೊಳೆಯ ಮೆಟ್ಟಿಲ ಮೇಲಿದ್ದವನಿಗೆ ಮೈ ಜುಮ್ಮೆಂದಿತು. ಕೋಣೆಯಲ್ಲಿ ಮಲಗಿದ್ದವರು ಎದ್ದು ಕೂತರು. ಎಂಥಾ ಪ್ರಶ್ನೆ! ಮರುದಿನವೆಲ್ಲ ಅದೇ ಚರ್ಚೆ. ಒಳಗಿರುವವನು ಯಾರು, ಇದ್ದಾನೋ ಇಲ್ಲವೋ ಎಂದು ತಲೆಗೊಂದು ಅರ್ಥ ಹೇಳಿದರು. ಮುರಿಗೆಪ್ಪನಿಗೂ ಖುಷಿ. ಆ ಮಾತಿನಲ್ಲಿದ್ದ ಸಣ್ಣ ನಡುಕ ಕೂಡ ಎಷ್ಟು ಸ್ವಚ್ಛವಾಗಿ ಬಂದಿತ್ತು!

ಈ ಕಥೆ ಹೇಳುವಾಗ ಇಲ್ಲಿಗೆ ಬಂದರೆ ನನಗೆ ಸಿಟ್ಟು ಬರುತ್ತದೆ. ಮುದುಕ ಕೇಳಿದ್ದು ಅಷ್ಟೇ. ಖಾಲಿ ಮಂಟಪದಲ್ಲಿ ಒಂದು ದೀಪದ ಮುಂದೆ ಕೂತು, ಯಾರಾದರೂ ಇದ್ದೀರಾ ಅಂತ ಕೇಳಿದ. ಎದ್ದು ಬಂದು 'ಅದೀವ್ರಿ' ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಅಜ್ಜಾರು ಆ ಪ್ರಶ್ನೆ ಕೇಳಲಿಲ್ಲ. ಮೈಕು ಸಿಗಿಸಲು ಬಂದ ಮುರಿಗೆಪ್ಪನ ಹತ್ತಿರವೂ ಮಾತು ಕಡಿಮೆಯಾಯಿತು.

'ಅಜ್ಜಾರ, ಆರಾಮ ಅದೀರಲ್ರಿ?' ಎಂದು ಅವನು ಕೇಳಿದರೆ, 'ನಿನಗಽ ಗೊತ್ತಲ್ಲೋ ತಮ್ಮಾ,' ಎನ್ನುತ್ತಿದ್ದರು.

ಮುರಿಗೆಪ್ಪ ಅದನ್ನು ಆಶೀರ್ವಾದ ಎಂದುಕೊಂಡು ಉಗ್ರಾಣಕ್ಕೆ ಹೋಗುತ್ತಿದ್ದ.

ಹೀಗಿರುವಾಗ ಒಂದು ಸಂಜೆ ಪ್ರವಚನ ಅರ್ಧವಾಗಿತ್ತು. ಅಜ್ಜಾರ ಧ್ವನಿ ನಿಂತು, ಆ ತಣ್ಣನೆ ನಿಶ್ಶಬ್ದ ಶುರುವಾಗಿತ್ತು. ಅಷ್ಟರಲ್ಲಿ ಮುರಿಗೆಪ್ಪನ ಹೆಡ್‌ಫೋನ್ ಟಿಣ್ ಎಂದು ಆರಿಹೋಯಿತು. ಎಲ್ಲರದನ್ನೂ ಚಾರ್ಜಿಗೆ ಹಾಕಿದವನು ತನ್ನದನ್ನೇ ಮರೆತಿದ್ದ. ತಲೆಯಿಂದ ತೆಗೆದು ಚೀಲದ ಮೇಲಿಟ್ಟ.

ಗೋಡೆಯಾಚೆ ಯಾರೋ ಕೆಮ್ಮುತ್ತಿದ್ದರು.

ಯಾರೋ ಪಾಪ, ಎಂದುಕೊಂಡ. ಬಿಡುವೇ ಇಲ್ಲದ ಕೆಮ್ಮು. ಕೆಮ್ಮಿನ ಕೊನೆಗೆ ಉಸಿರು ಸಿಗದೆ ಎಳೆಯುವ ಸದ್ದು. ಮತ್ತೆ ಕೆಮ್ಮು. ಇಷ್ಟು ಜೋರಾಗಿ ಕೆಮ್ಮುವವರನ್ನು ಮಂಟಪದ ಹತ್ತಿರ ಯಾರು ಬಿಟ್ಟರು ಎಂದು ಬೇಜಾರಾಯಿತು ಕೂಡ. ಆಮೇಲೆ ನೆನಪಾಯಿತು, ಮಂಟಪದಲ್ಲಿ ಇರುವುದು ಒಬ್ಬರೇ.

ಬಿದ್ದು ಎದ್ದು ಓಡಿದ.

ಅಜ್ಜಾರು ನೀಲವ್ವ ಕೂರುತ್ತಿದ್ದ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿದ್ದರು. ಶಾಲು ಜಾರಿತ್ತು. ಮುಖ ಕಪ್ಪಿಟ್ಟಿತ್ತು. ಹೊಳೆಯ ಮೆಟ್ಟಿಲ ಮೇಲೆ, ಮರದ ಬುಡದಲ್ಲಿ, ಎಲ್ಲರೂ ಕಣ್ಣುಮುಚ್ಚಿ ಕೈಮುಗಿದು ಕೂತಿದ್ದರು.

ಮುರಿಗೆಪ್ಪ ಅವರನ್ನು ಎದೆಗೆ ಒರಗಿಸಿಕೊಂಡು ಬೆನ್ನು ನೀವಿದ. ತಂಬಿಗೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿದ. ಎಷ್ಟೋ ಹೊತ್ತಿನ ಮೇಲೆ ಕೆಮ್ಮು ನಿಂತಿತು. ಎದೆಯ ಗೊರಗೊರ ನಿಲ್ಲಲಿಲ್ಲ.

'ಯಾವಾಗಿಂದ ಹಿಂಗ್ರಿ ಅಜ್ಜಾರ?'

'ಚಳಿ ಬಿದ್ದಾಗಿಂದ.'

'ದಿನಾ?'

'ದಿನಾ.'

'ನನಗೊಂದು ಮಾತು ಹೇಳಬಾರದೇನ್ರಿ?'

ಅಜ್ಜಾರು ಅವನ ಮುಖ ನೋಡಿದರು.

'ದಿನಾ ನಿನ್ನ ಕಿವಿಯೊಳಗಽ ಕೆಮ್ಮೀನಲ್ಲೋ ಮಗನ.'

ಮುರಿಗೆಪ್ಪನಿಗೆ ದುಃಖ ತಡೆಯಲಾಗಲಿಲ್ಲ. ಅಜ್ಜಾರ ಹೆಗಲ ಮೇಲೆ ತಲೆಯಿಟ್ಟು ದೊಡ್ಡ ದನಿ ತೆಗೆದು ಅತ್ತ. ಮೈಕು ಇನ್ನೂ ಆ ಶಾಲಿನ ಮೇಲೇ ಇತ್ತು. ಯಂತ್ರಕ್ಕೆ ಮುರಿಗೆಪ್ಪನ ಅಳುವನ್ನು ಯಾರೂ ಗುರುತು ಹಿಡಿಸಿಕೊಟ್ಟಿರಲಿಲ್ಲ. ಅದು ಇದ್ದ ಹಾಗೇ ಎಲ್ಲರ ಕಿವಿಗೂ ಹೋಯಿತು.

ಮೊದಲು ಓಡಿ ಬಂದವಳು ನೀಲವ್ವ. ಕೈಗೆಲ್ಲ ಜೋಳದ ಹಿಟ್ಟು, ಕೊರಳಲ್ಲಿ ಹೆಡ್‌ಫೋನು. ಅವಳ ಹಿಂದೆ ಬೇವಿನ ಮರದವನು, ಮೆಟ್ಟಿಲಿನವನು, ಕೋಣೆಯವರು. ಮಂಟಪದ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ಬಂದು ನಿಂತರು. ಅಜ್ಜಾರು ಇಷ್ಟು ಇಳಿದುಹೋಗಿದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ. ನೀಲವ್ವ ಹತ್ತಿರ ಬಂದು ಅವರ ಅಂಗಾಲು ಮುಟ್ಟಿ ನೋಡಿದಳು.

'ತಣ್ಣಗ ಕೊರೀತಾವಲ್ಲೋ ಯಪ್ಪಾ,' ಎಂದು ತನ್ನ ಸೆರಗಿನಿಂದಲೇ ಉಜ್ಜತೊಡಗಿದಳು.

'ತಪ್ಪು ನಂದ್ರಿ ಅಜ್ಜಾರ,' ಎಂದ ಮುರಿಗೆಪ್ಪ. 'ನಿಮ್ಮ ಧ್ವನಿ ಒಂದಽ ನನಗ ಇದ್ದದ್ದು. ಅದು ಚೊಕ್ಕ ಇರಲಿ ಅಂತ ಕೆಮ್ಮು ಬರಲಾರದಂಗ ಮಾಡಿದ್ನಿ. ನೀವು ಕೆಮ್ಮಿದ್ದು ಮೈಕಿನಾಗ ಹೋಗತಿತ್ತು. ಯಂತ್ರ ಅದನ್ನ ನುಂಗತಿತ್ತು. ಕಿವಿಗೆ ಬರತಿದ್ದಿಲ್ಲ.'

ಅಜ್ಜಾರು ಮೆಲ್ಲಗೆ ತಲೆ ಎತ್ತಿದರು.

'ಅಂದ್ರ, ನಿನಗ ಕೇಳಽ ಇಲ್ಲ?'

'ಇಲ್ರಿ.'

'ಖರೇ ಹೇಳು.'

'ನಿಮ್ಮ ಪಾದದಾಣಿ ಕೇಳಿಲ್ರಿ. ಇವರಿಗೂ ಕೇಳಿಲ್ಲ. ಯಾರಿಗೂ ಕೇಳಿಲ್ಲ.'

ಅಜ್ಜಾರು ಅಂಚಿನಲ್ಲಿ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಹಿಂದೆ ನಿಂತವರನ್ನೂ ಬಿಡದೆ ನೋಡಿದರು. ಅವರ ಮುಖ ಸಡಿಲಾಯಿತು. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ.

'ಇಷ್ಟು ದಿನ, ಕೇಳಿನೂ ಯಾರೂ ಬರವಲ್ರು ಅಂತ ತಿಳಕೊಂಡಿದ್ನಿ.'