ಮುಖ ತೋರಿಸದ ವಧುಗಳು

ಒಂದು ಊರಲ್ಲಿ ಒಂದು ವಧೂವರರ ಕೇಂದ್ರ ಇತ್ತು. ಕಟ್ಟಿದವರು ಹೊನ್ನಪ್ಪಯ್ಯ. ಆ ಊರಲ್ಲಿ ಅರ್ಧ ಜನ ಅವರು ಗಂಟು ಹಾಕಿಸಿದ ಗಂಡ ಹೆಂಡಿರು, ಉಳಿದರ್ಧ ಆ ಗಂಡ ಹೆಂಡಿರ ಮಕ್ಕಳು. ಮನೆಯಲ್ಲಿ ಜಗಳವಾದಾಗ ಇಬ್ಬರೂ ಸೇರಿ ಬೈಯುತ್ತಿದ್ದದ್ದೂ ಅವರನ್ನೇ.

ಹೊನ್ನಪ್ಪಯ್ಯನವರದು ಒಂದೇ ಕಟ್ಟಳೆ. ತನ್ನನ್ನು ಕೇಳದೆ ಒಂದು ಹುಲ್ಲುಕಡ್ಡಿ ಅಲ್ಲಾಡಬಾರದು. ಹುಡುಗನ ಕಡೆಯವರಿಗೆ ಹುಡುಗಿಯ ಫೋಟೊ ತೋರಿಸಬೇಕೇ, ಮೊದಲು ಅವರನ್ನು ಕೇಳಬೇಕು. ಬಂದವರಿಗೆ ಕಾಫಿಯೋ ಪಾನಕವೋ, ಅದನ್ನೂ ಕೇಳಬೇಕು. ಹೆಂಡತಿ ಪುಟ್ಟತಾಯಮ್ಮ ಹಬ್ಬಕ್ಕೆ ತವರಿಗೆ ಹೋಗಲೇ ಅಂತ ಕೇಳಿದರೆ, ಇವರ ಬಾಯಿಂದ ಹೂಂ ಬರುವ ಹೊತ್ತಿಗೆ ಅಲ್ಲಿ ಊಟ ಮುಗಿದು ಎಲೆ ತೆಗೆದಿರುತ್ತಿದ್ದರು.

ಕಾಲ ಬದಲಾಯಿತು. ಜಾತಕದ ಕಟ್ಟುಗಳು ಅಟ್ಟ ಸೇರಿದವು, ವೆಬ್‌ಸೈಟ್ ಬಂತು. ಕೇಂದ್ರದಲ್ಲಿ ಸಾಲಾಗಿ ಕಂಪ್ಯೂಟರುಗಳು ಕೂತವು. ಆದರೆ ಅವು ತಾವಾಗಿ ಹೊರಗೆ ಹೋಗುವ ಹಾಗಿಲ್ಲ. ಹೊನ್ನಪ್ಪಯ್ಯ ನಡುವೆ ಒಂದು ಕಂಪ್ಯೂಟರ್ ಇಡಿಸಿದರು. ಅದಕ್ಕೆ ಪ್ರಾಕ್ಸಿ ಅನ್ನುತ್ತಾರೆ. ಕಾಲೇಜಿನಲ್ಲಿ ಬಾರದ ಹುಡುಗನ ಬದಲು ಇನ್ನೊಬ್ಬ ಹಾಜರಿ ಕೂಗುತ್ತಾನಲ್ಲ, ಇದೂ ಆ ಜಾತಿಯದೇ. ನೀವು ಇಲ್ಲಿ ಕೂತು ಫೋಟೊ ಬೇಕು ಅಂತ ಒತ್ತಿದರೆ, ನಿಮ್ಮ ಬದಲು ಅದು ಹೊರಗೆ ಹೋಗಿ ತಂದುಕೊಡುತ್ತದೆ. ಹೊಸಲು ದಾಟದ ಹೆಂಗಸರು ಆಳಿನ ಕೈಲಿ ಅಂಗಡಿ ಸಾಮಾನು ತರಿಸಿಕೊಂಡ ಹಾಗೆ.

ಹೋದ ಕಾರ್ತಿಕದಲ್ಲಿ ಹೊನ್ನಪ್ಪಯ್ಯ ಊಟಕ್ಕೆ ಕೂತವರು ಏಳಲಿಲ್ಲ. ಯಾರ ಒಪ್ಪಿಗೆಗೂ ಕಾದವರಲ್ಲ, ಇದಕ್ಕೂ ಕಾಯಲಿಲ್ಲ.

ತಿಥಿಯ ದಿನ ಪುಟ್ಟತಾಯಮ್ಮ ಹಜಾರದಲ್ಲಿ ಅವರ ದೊಡ್ಡ ಫೋಟೊ ಹಾಕಿಸಿದರು. ಕೆಳಗೆ ಒಂದು ಮೇಜು. ಅದರ ಮೇಲೆ ಅವರು ಮುಟ್ಟಿ ಬಳಸಿದ್ದೆಲ್ಲ. ಕನ್ನಡಕ, ನಶ್ಯದ ಡಬ್ಬಿ, ಊರುಗೋಲು, ಇನ್ನೂ ಏನೇನೋ. ಎಲ್ಲದರ ಮೇಲೆ ಅವರ ಜರಿ ಶಾಲು ಹೊದಿಸಿ, ಮುಂದೆ ದೀಪ ಹಚ್ಚಿದರು. ಬಂದವರೆಲ್ಲ ಚಪ್ಪಲಿ ಬಿಟ್ಟು ಕೈ ಮುಗಿದೇ ಒಳಗೆ ಹೋಗಬೇಕು.

ಆ ವಾರದಿಂದಲೇ ಶುರುವಾಯಿತು ನೋಡಿ.

ಹುಡುಗನ ಕಡೆಯವರು ಬಂದು ಕೂರುತ್ತಾರೆ. ವೆಬ್‌ಸೈಟಿನಲ್ಲಿ ಹುಡುಗಿಯ ಹೆಸರು ಒತ್ತುತ್ತಾರೆ. ಬಿಳೀ ಪರದೆ. ಒಂದು ಚಕ್ರ ಸುತ್ತುತ್ತದೆ. ಬಂದವರು ಗೋಡೆ ನೋಡುತ್ತಾರೆ, ಫ್ಯಾನು ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಹುಡುಗಿ ಬರುತ್ತಾಳೆ. ಅವಳ ಜಾತಕ ಒತ್ತಿದರೆ ಮತ್ತೆ ಅದೇ ಕಥೆ. ಅವರಪ್ಪನ ಕುಲಗೋತ್ರ ಒತ್ತಿದರೆ ಮತ್ತೆ ಅದೇ.

ಒಬ್ಬ ಬೀಗಿತ್ತಿಯಂತೂ ಎದ್ದೇ ಬಿಟ್ಟಳು. "ಮುಖ ತೋರ್ಸೋಕ್ಕೇ ಇಷ್ಟು ಹೊತ್ತು ಮಾಡೋಳು, ನಾಳೆ ನನ್ನ ಮಗನಿಗೆ ಯಾವಾಗ ತಿಂಡಿ ಹಾಕ್ತಾಳಮ್ಮ?" ಅಂದು ಸೆರಗು ಕೊಡವಿಕೊಂಡು ಹೋದಳು. ಪಾಪ, ಆ ಹುಡುಗಿ ಯಾವ ಊರಲ್ಲಿ ಏನು ಮಾಡುತ್ತಿದ್ದಳೋ. ಅವಳಿಗೆ ಗೊತ್ತಿಲ್ಲದೆಯೇ ಒಂದು ಸಂಬಂಧ ಹೋಯಿತು.

ಪುಟ್ಟತಾಯಮ್ಮ ಇಂಟರ್ನೆಟ್ ಲೈನಿನವನನ್ನು ಕರೆಸಿದರು. ಅವನು ಲೈನು ಚೆನ್ನಾಗಿದೆ ಅಂದ. ಬೂದುಗುಂಬಳ ಒಡೆಸಿದರು. ಕಂಪ್ಯೂಟರಿಗೆ ನಿಂಬೆಹಣ್ಣು ಇಳಿ ತೆಗೆಸಿದರು. ಕೊನೆಗೆ ಹಳೇ ಲೈನು ಕಿತ್ತು ಜೋರಿನ ಲೈನು ಹಾಕಿಸಿದರು. ಚಕ್ರ ಹಾಗೇ ಸುತ್ತುತ್ತಿತ್ತು.

ಆಗ ಬಾಯಿ ಬಿಟ್ಟವಳು ಚೂಡಾಮಣಿ. ಹಜಾರದ ಕಂಪ್ಯೂಟರಿನ ಮುಂದೆ ಕೂರುವವಳು. ಅಕ್ಕಪಕ್ಕ ನೋಡಿ, ದನಿ ಇಳಿಸಿ, ಆದರೆ ಕೇಳಬೇಕಾದವರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಅಮ್ಮಾವ್ರೇ, ನಾನು ಹೇಳಬಾರ್ದು. ಹಿಂದಿನ ಕೋಣೇಲಿ ಕೂರ್ತಾಳಲ್ಲ ಮಾಲಿನಿ, ಬಾಗಿಲು ಓರೆ ಮಾಡ್ಕೊಂಡಿರ್ತಾಳೆ. ಯಾರ ಜೊತೆಗೋ ಮುಖ ನೋಡ್ಕೊಂಡು ಮಾತು. ಲೈನೆಲ್ಲ ಅವಳೇ ಕುಡಿದ್ರೆ ನಮಗೆಲ್ಲಿಂದ ಬರ್ಬೇಕು?"

ಮಾಲಿನಿ ಗಂಡನನ್ನು ಬಿಟ್ಟು ಬಂದವಳು. ಯಾಕೆ ಬಿಟ್ಟಳು ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಅದೇ ದೊಡ್ಡ ತಪ್ಪು. ಹೇಳಿದ್ದರೆ ಬೀದಿಯವರು ಒಂದೇ ಕಾರಣ ಇಟ್ಟುಕೊಂಡು ಸುಮ್ಮನಿರುತ್ತಿದ್ದರು. ಹೇಳದ್ದರಿಂದ ಮನೆಗೊಂದು ಕಾರಣ ಇತ್ತು. ತಾಯಿಯ ಮನೆಯಲ್ಲಿದ್ದಳು. ಬೆಳಗ್ಗೆ ಬ್ಯಾಗು ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಾಳೆ ಅನ್ನುವ ಒಂದೇ ಕಾರಣಕ್ಕೆ ಅಣ್ಣ ಅವಳಿಗೆ ಮನೆಯಲ್ಲಿ ಜಾಗ ಕೊಟ್ಟಿದ್ದ. ಕೆಲಸ ಹೋದರೆ ಆ ಜಾಗವೂ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಚೂಡಾಮಣಿಗೂ ಗೊತ್ತಿತ್ತು.

ಸುದ್ದಿ ಹೂವಿನವಳ ಹತ್ತಿರ ಬಂದಾಗ ಮಾಲಿನಿ ದಿನವಿಡೀ ಒಬ್ಬನ ಜೊತೆ ಮಾತಾಡುತ್ತಿದ್ದಳು. ಹಿಟ್ಟಿನ ಗಿರಣಿಗೆ ಬಂದಾಗ, ಬಂದ ವರಗಳಲ್ಲಿ ಚೆಂದದವರ ಫೋಟೊ ತನಗೇ ಎತ್ತಿಟ್ಟುಕೊಳ್ಳುತ್ತಿದ್ದಳು. ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಅವಳು ಒಬ್ಬ ವರನ ಜೊತೆ ಓಡಿಹೋಗುವುದು ಗೊತ್ತಾಗಿಬಿಟ್ಟಿತ್ತು. ಯಾವ ವರ ಅನ್ನುವುದೊಂದು ಮಾತ್ರ ತೀರ್ಮಾನವಾಗಿರಲಿಲ್ಲ.

ಮಾರನೆಯ ದಿನ ಪುಟ್ಟತಾಯಮ್ಮ ಮಾಲಿನಿಯನ್ನು ಹಜಾರಕ್ಕೆ ಕರೆದರು. ಅವರು ಗಂಡನ ಫೋಟೊ ಎದುರು ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ಗಂಡ ಹೋದಮೇಲೂ ಎಲೆಯಡಿಕೆ ಬಿಡಲಿಲ್ಲ ಅಂತ ಅವರ ಮೇಲೂ ಬೀದಿಯಲ್ಲಿ ಮಾತಿದೆ. ಇರಲಿ, ಅದು ಬೇರೆ ಕಥೆ. ಹೆಣ್ಣು ನೋಡಲು ಬಂದ ಒಂದು ಸಂಸಾರವೂ ಅಲ್ಲೇ ಬೆಂಚಿನ ಮೇಲೆ ಕೂತಿತ್ತು. ಅವರು ಹೆಣ್ಣಿಗಿಂತ ಇದನ್ನೇ ಹೆಚ್ಚು ಆಸೆಯಿಂದ ನೋಡುತ್ತಿದ್ದರು.

"ನೋಡಮ್ಮ ಮಾಲಿನಿ," ಅಂದರು ಪುಟ್ಟತಾಯಮ್ಮ, "ನಾಳೆಯಿಂದ ನೀನು ಬರೋದು ಬೇಡ. ಇದು ಮದುವೆ ಮಾಡ್ಸೋ ಜಾಗ. ಹೆಸರು ಕೆಡಬಾರ್ದು."

ಮಾಲಿನಿ ಅಳಲಿಲ್ಲ. ಅಲ್ಲಿದ್ದವರಿಗೆ ಅದೇ ಮೊದಲ ಆಘಾತ. ಇಂಥ ಹೊತ್ತಿನಲ್ಲಿ ಹೆಂಗಸು ಅಳಬೇಕು ಅನ್ನುವುದು ರೂಢಿ.

"ಹೋಗ್ತೀನಿ ಅಮ್ಮ. ನೆಟ್ ನಿಧಾನ ಆಗಿದ್ದು ನನ್ನಿಂದ ತಾನೆ? ನನ್ನ ಕಂಪ್ಯೂಟರ್ ವೈರು ನೀವೇ ಕಿತ್ತುಹಾಕಿ. ಆಮೇಲೆ ಚೂಡಾಮಣಿ ಅಕ್ಕ ಒಂದು ಪುಟ ತೆಗೀಲಿ. ಅದು ಸಲೀಸಾಗಿ ಬಂದ್ರೆ ನಾನೇ ಎದ್ದು ಹೋಗ್ತೀನಿ, ಯಾರೂ ಕಳಿಸೋದು ಬೇಡ."

ಪುಟ್ಟತಾಯಮ್ಮ ಹಿಂದಿನ ಕೋಣೆಗೆ ಹೋಗಿ ತಮ್ಮ ಕೈಯಾರೆ ವೈರು ಕಿತ್ತರು. ಚೂಡಾಮಣಿ ಒತ್ತಿದಳು. ಬಿಳೀ ಪರದೆ. ಚಕ್ರ.

"ಫೋನಲ್ಲಿ ಮಾಡ್ತಿರ್ಬೋದು," ಅಂದಳು ಚೂಡಾಮಣಿ.

ಮಾಲಿನಿ ಫೋನು ಆಫ್ ಮಾಡಿ ಎಲೆಯಡಿಕೆ ತಟ್ಟೆಯಲ್ಲಿಟ್ಟಳು. ಚಕ್ರ. ಉಳಿದ ಕಂಪ್ಯೂಟರುಗಳನ್ನೂ ಒಂದೊಂದಾಗಿ ಆರಿಸಿದರು. ನಡುವಿನದರ ಜೊತೆ ಚೂಡಾಮಣಿಯದೊಂದೇ ಉಳಿಯಿತು. ಲೈನು ಕುಡಿಯಲು ಇನ್ನು ಅವಳು ಬಿಟ್ಟರೆ ಬೇರೆ ಯಾರೂ ಇಲ್ಲ. ಆದರೂ ಚಕ್ರ.

ಬೆಂಚಿನ ಮೇಲಿದ್ದ ಹುಡುಗನ ತಾಯಿ ಚೂಡಾಮಣಿಯನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಾರೆ ಈಯಮ್ಮ ಯಾರ ಜೊತೆ ಮಾತಾಡ್ತಿದಾಳೆ?" ಅಂದಳು. ಚೂಡಾಮಣಿಯ ಮುಖ ಸುಣ್ಣ ಬಳಿದ ಹಾಗಾಯಿತು.

ಮಾಲಿನಿ ಪರದೆ ನೋಡುತ್ತಿರಲಿಲ್ಲ. ಪುಟ್ಟತಾಯಮ್ಮನ ಕೈ ನೋಡುತ್ತಿದ್ದಳು.

"ಅಮ್ಮ, ಇನ್ನೊಂದು ಎಲೆ ಮಡಿಸಿ," ಅಂದಳು.

ಪುಟ್ಟತಾಯಮ್ಮನಿಗೆ ಅರ್ಥವಾಗಲಿಲ್ಲ. ಆದರೂ, ಚೂಡಾಮಣಿ ಇನ್ನೊಂದು ಪುಟ ಒತ್ತುತ್ತಿದ್ದ ಹಾಗೆ, ಎಲೆ ತೆಗೆದುಕೊಂಡರು. ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿದರು. ಬಾಯಿಗೆ ಹಾಕಿಕೊಳ್ಳುವುದಕ್ಕೂ ಪುಟ ತೆರೆಯುವುದಕ್ಕೂ ಸರಿಹೋಯಿತು. ಮಾಲಿನಿ ಪರದೆಯಲ್ಲಿ ಎಲ್ಲಕ್ಕಿಂತ ದೊಡ್ಡ ಫೋಟೊ ತೆರೆಸಿದಳು. ಒಂದು ಎಲೆ. ಬರೀ ಎರಡು ಸಾಲು ಇರುವ ಪುಟ ತೆರೆಸಿದಳು. ಅದಕ್ಕೂ ಒಂದು ಎಲೆ.

"ನಲ್ಲೀಲಿ ಜನ ಜಾಸ್ತಿ ಇದ್ರೆ ಒಂದು ಸಲ ಬೇಗ ನೀರು ಸಿಗತ್ತೆ, ಒಂದು ಸಲ ತಡ ಆಗತ್ತೆ. ಇಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಒಂದೇ ಹೊತ್ತು. ಇದು ಜನ ಜಾಸ್ತಿಯಾಗಿ ಅಲ್ಲ ಅಮ್ಮ. ಇದು ಯಾರನ್ನೋ ಕಾಯ್ತಿದೆ."

ಬೆಂಚಿನವರು ಕಾಲು ಮೇಲೆತ್ತಿಕೊಂಡು ಕೂತರು.

ಮಾಲಿನಿ ಹೊರಗಿನ ಲೈನನ್ನು ನಡುವಿನ ಕಂಪ್ಯೂಟರಿನಿಂದ ಬಿಡಿಸಿ ನೇರವಾಗಿ ಚೂಡಾಮಣಿಯ ಕಂಪ್ಯೂಟರಿಗೆ ಸಿಕ್ಕಿಸಿದಳು. ಒತ್ತಿದಳು. ಪುಟ್ಟತಾಯಮ್ಮ ಎಲೆಗೆ ಕೈ ಹಾಕುವ ಮೊದಲೇ ಹುಡುಗಿ ಬಂದು ನಗುತ್ತಾ ನಿಂತಿದ್ದಳು. ಲೈನಿನದು ತಪ್ಪಿಲ್ಲ, ವೆಬ್‌ಸೈಟಿನದೂ ತಪ್ಪಿಲ್ಲ. ಎಲ್ಲ ನಡುವೆ ಕೂತದ್ದರ ಕೆಲಸ.

ಲೈನು ಮೊದಲಿದ್ದಲ್ಲಿಗೇ ಸೇರಿಸಿ, ಮಾಲಿನಿ ಆ ನಡುವಿನ ಕಂಪ್ಯೂಟರಿನ ಮುಂದೆ ಕೂತಳು. ಅದಕ್ಕೆ ಏನೇನು ಹೇಳಿಟ್ಟಿದ್ದಾರೆ ಅಂತ ನೋಡುತ್ತಾ ಹೋದಳು. ಒಂದು ಕಡೆ ಕೈ ನಿಂತಿತು.

"ಇದಕ್ಕೆ ಯಜಮಾನ್ರು ಹೇಳಿಟ್ಟಿದಾರೆ. ಏನೇ ತರೋಕೆ ಹೊರಗೆ ಹೋಗೋದಿದ್ರೂ ಮೊದಲು ಅವರ ಕೋಣೆ ಕಂಪ್ಯೂಟರನ್ನ ಕೇಳ್ಬೇಕು. ಅದು ಹೂಂ ಅಂದ ಮೇಲೆ ಹೋಗ್ಬೇಕು. ಉತ್ತರ ಬರದಿದ್ರೆ ಕಾಯ್ಬೇಕು. ಕಾದು ಕಾದು ಬರದೇ ಇದ್ರೆ ಮಾತ್ರ ತಾನೇ ಹೋಗ್ಬೋದು." ಅವಳು ತಲೆಯೆತ್ತಿದಳು. "ಅವರ ಕೋಣೆ ಕಂಪ್ಯೂಟರ್ ಎಲ್ಲಿದೆ ಅಮ್ಮ?"

ಪುಟ್ಟತಾಯಮ್ಮ ಕತ್ತು ತಿರುಗಿಸಿ ಫೋಟೊದ ಕೆಳಗಿನ ಮೇಜು ನೋಡಿದರು. ಎಲ್ಲರೂ ಅತ್ತ ತಿರುಗಿದರು.

ಚೂಡಾಮಣಿ ಹೋಗಿ ಜರಿ ಶಾಲು ಎತ್ತಿದಳು. ಕನ್ನಡಕ, ನಶ್ಯದ ಡಬ್ಬಿ, ಊರುಗೋಲು. ಅವುಗಳ ಹಿಂದೆ ಕಂಪ್ಯೂಟರ್. ಹಣೆಗೆ ಗಂಧ, ಕೊರಳಿಗೆ ಒಣಗಿದ ಚೆಂಡುಹೂವಿನ ಹಾರ. ದೀಪಕ್ಕೆ ಅಡ್ಡ ಬರುತ್ತದೆ ಅಂತ ಕಿತ್ತ ವೈರನ್ನು ಸುರುಳಿ ಸುತ್ತಿ ಪಕ್ಕದಲ್ಲೇ ಇಟ್ಟಿದ್ದರು. ಅದರ ಮೇಲೂ ಒಂದು ಹೂವು.

ಯೋಚನೆ ಮಾಡಿ ನೋಡಿ. ಯಾರು ಯಾವ ಹುಡುಗಿಯನ್ನು ಕೇಳಿದರೂ, ಆ ನಡುವಿನದು ಹೋಗಿ ಸತ್ತವರ ಬಾಗಿಲು ತಟ್ಟುತ್ತಿತ್ತು. ತೋರಿಸಲೇ ಯಜಮಾನರೇ ಅಂತ ಕೇಳಿ ನಿಲ್ಲುತ್ತಿತ್ತು. ಉತ್ತರವಿಲ್ಲ. ಒಂದು ಎಲೆ ಮಡಿಸುವಷ್ಟು ಹೊತ್ತು ನಿಂತು, ವಾಪಸು ಬಂದು, ಆಮೇಲೆ ತನ್ನ ದಾರಿ ಹಿಡಿಯುತ್ತಿತ್ತು. ದಿನವಿಡೀ ಇದೇ. ಅತ್ತ ಸಂಬಂಧಗಳು ಮುರಿದವು, ಇತ್ತ ಒಬ್ಬ ಹೆಂಗಸಿನ ಮಾನ ಬೀದಿ ಸುತ್ತಿ ಬಂತು.

ಬೆಂಚಿನ ಮೇಲಿದ್ದ ಹುಡುಗನ ತಂದೆ ಎದ್ದು ಆ ಕಂಪ್ಯೂಟರಿಗೆ ಕೈ ಮುಗಿದ. "ಸತ್ತ ಮೇಲೂ ಅಧಿಕಾರ ಬಿಟ್ಟಿಲ್ಲವಲ್ಲ ಪುಣ್ಯಾತ್ಮ," ಅಂದ.

ಮಾಲಿನಿ ಹೇಳಿದಳು. "ಈಗ ಎರಡು ದಾರಿ ಅಮ್ಮ. ಹಾರ ತೆಗೆದು ಇದನ್ನ ಕೆಳಗಿಳಿಸಿ ವೈರು ಹಾಕ್ಬೇಕು. ಇಲ್ಲಾ, ನಡುವಿನದರಿಂದ ಯಜಮಾನ್ರ ಹೆಸರು ತೆಗೀಬೇಕು."

"ಹೆಸರು ತೆಗೆಯೋದಾ?" ಅಂದರು ಪುಟ್ಟತಾಯಮ್ಮ. "ಅಲ್ಲಾದ್ರೂ ಅವರು ಉಳಿದಿದ್ರಲ್ಲೇ."

ಫೋಟೊ ಮುಂದಿನ ದೀಪದ ಬತ್ತಿ ಸರಿಮಾಡಿದರು. ಆಮೇಲೆ ನಕ್ಕರೋ ಅತ್ತರೋ, ಗೊತ್ತಾಗದ ಹಾಗೆ ಅಂದರು. "ಇದ್ದಾಗ್ಲೂ ಹೀಗೇ ಕಣೇ. ಕೇಳಿದ್ರೆ ಒಂದು ದಿನ ನೆಟ್ಟಗೆ ಉತ್ತರ ಕೊಟ್ಟೋರಲ್ಲ. ಎಲ್ಲಿ ಒತ್ಬೇಕು, ತೋರ್ಸು. ನಾನೇ ಒತ್ತೀನಿ."

ಒತ್ತಿದರು. ಚೂಡಾಮಣಿಯ ಪರದೆಯಲ್ಲಿ ಹುಡುಗಿಯ ಮುಖ ಅರಳಿತು. ಜಾತಕ ಒತ್ತಿದರೆ ಜಾತಕ, ಕುಲಗೋತ್ರ ಒತ್ತಿದರೆ ಕುಲಗೋತ್ರ. ಬೆಂಚಿನವರು ಬಂದ ಕೆಲಸ ನೆನಪಾಗಿ ಮುಂದಕ್ಕೆ ಬಾಗಿದರು. ಪುಟ್ಟತಾಯಮ್ಮನ ಕೈಯಲ್ಲಿ ಎಲೆ ಮಡಿಸದೆ ಹಾಗೇ ಉಳಿದಿತ್ತು.

"ನಾಳೆ ಸ್ವಲ್ಪ ಬೇಗ ಬಂದ್ಬಿಡಮ್ಮ ಮಾಲಿನಿ," ಅಂದರು, ಏನೂ ಆಗಿಲ್ಲ ಅನ್ನುವ ಹಾಗೆ.

ಮಾಲಿನಿ ತಟ್ಟೆಯಿಂದ ಫೋನು ಎತ್ತಿಕೊಂಡಳು. ಅದಕ್ಕೆ ಮೆತ್ತಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿದಳು.

"ಸತ್ತೋರ ಉತ್ತರಕ್ಕೆ ಇಷ್ಟು ದಿನ ಕಾದ್ರಿ ಅಮ್ಮ. ಬದುಕಿರೋ ನಾನು ಹಿಂದಿನ ಕೋಣೇಲೇ ಇದ್ದೆ. ಹೌದಾ ಮಾಲಿನಿ ಅಂತ ಒಂದು ಮಾತು ಬಂದು ಕೇಳಲಿಲ್ಲ."

ಪುಟ್ಟತಾಯಮ್ಮ ಬಾಯಿ ತೆರೆದರು. ಮಾತು ಬರಲಿಲ್ಲ. ಈ ಸಲ ಕಾದದ್ದು ಮಾಲಿನಿ. ಒಂದು ಎಲೆ ಮಡಿಸುವಷ್ಟಲ್ಲ, ಅದಕ್ಕಿಂತ ಹೆಚ್ಚು ಹೊತ್ತೇ ಕಾದಳು.

"ತಪ್ಪಾಯ್ತು," ಅಂದರು ಪುಟ್ಟತಾಯಮ್ಮ. ಎಲ್ಲರ ಎದುರಿಗೇ ಅಂದರು.

ಮಾಲಿನಿ ಮಾರನೆಯ ದಿನವೂ ಬಂದಳು. ಆದರೆ ಹಿಂದಿನ ಕೋಣೆಗೆ ಹೋಗಲಿಲ್ಲ. ತನ್ನ ಕಂಪ್ಯೂಟರನ್ನು ಹಜಾರದ ನಟ್ಟನಡುವೆ ತಂದಿಟ್ಟು, ಬೀದಿಗೆ ಮುಖ ಮಾಡಿ ಕೂತಳು. ಈಗಲೂ ಅಲ್ಲೇ ಕೂರುತ್ತಾಳೆ. ನೋಡಬೇಕು ಅನ್ನುವವರು ನೋಡಿಕೊಳ್ಳಲಿ ಅಂತ.

ಪುಟ್ಟತಾಯಮ್ಮ ಚೂಡಾಮಣಿಯನ್ನೇ ಮನೆಮನೆಗೆ ಅಟ್ಟಿದರು, ನಿಜ ಹೇಳಿ ಬಾ ಅಂತ. ಅವಳೂ ಹೋದಳು. ಅಪವಾದ ಬೀದಿಯ ಕೊನೆ ಮುಟ್ಟಲು ಒಂದು ಸಂಜೆ ಸಾಕಾಗಿತ್ತು. ನಿಜ ಇನ್ನೂ ಹಿಟ್ಟಿನ ಗಿರಣಿ ದಾಟಿಲ್ಲ. ಅಲ್ಲೇ ಎಲ್ಲೋ ಚಕ್ರ ಸುತ್ತುತ್ತಾ ನಿಂತಿದೆ.

ನೀತಿ: ಕೆಲಸ ಯಾಕೆ ತಡವಾಗುತ್ತಿದೆ ಅಂತ ತಿಳಿಯದಿದ್ದರೆ, ಒಂದೊಂದನ್ನೇ ಬಿಡಿಸಿ ನೋಡಿ. ಸುಲಭಕ್ಕೆ ಸಿಕ್ಕವರ ಮೇಲೆ ತಪ್ಪು ಹೊರಿಸಬೇಡಿ. ಹೋದವರಿಗೆ ಹಾರ ಹಾಕಿ, ಕೈ ಮುಗಿಯಿರಿ. ಆದರೆ ಕೇಳಬೇಕಾದ ಮಾತನ್ನು ಎದುರಿಗಿರುವ ಬದುಕಿದವರನ್ನು ಕೇಳಿ.