ಎಲ್ಲರಿಗೂ ತಲೆಯಾಡಿಸಿದ ಅಧ್ಯಕ್ಷ

ಹೊಲದ ಬೇಲಿಯ ಮೇಲೆ ದಿನವೂ ಸಂಜೆ ಒಂದು ಸಭೆ ಸೇರುತ್ತಿತ್ತು. ಯಾರು ಏನು ಬೇಕಾದರೂ ಕೇಳಬಹುದು, ಗೊತ್ತಿದ್ದವರು ಹೇಳಬಹುದು. ಅಧ್ಯಕ್ಷಗಿರಿ ಓತಿಕ್ಯಾತನದು. ತಲೆಯಾಡಿಸುವುದು ಅವನ ಹುಟ್ಟುಗುಣ ನೋಡಿ, ಇಷ್ಟು ಸೌಜನ್ಯದವರು ಬೇರಿಲ್ಲವೆಂದು ಎಲ್ಲರೂ ಸೇರಿ ಆರಿಸಿದ್ದರು. ಅವನೂ ಅದನ್ನು ನಂಬಿದ್ದ.

ಅಂದು ಎಳೆಯ ಗೀಜಗವೊಂದು ಬಂದು, "ಇದು ನನ್ನ ಮೊದಲ ಗೂಡು. ಗಾಳಿಗೆ ಬಿಚ್ಚಿಹೋಗುತ್ತಿದೆ. ಗಂಟು ಹೇಗೆ ಹಾಕುವುದು?" ಎಂದು ಕೇಳಿತು.

"ಈ ಮುಖಕ್ಕೆ ಗೂಡು ಬೇರೆ ಕೇಡು," ಎಂದಿತು ಕಾಗೆ. "ನಿಮ್ಮಪ್ಪನೂ ದಂಡಪಿಂಡವೇ."

ಅಳಿಲಕ್ಕ ಎದ್ದು ನಿಂತಳು. "ಅಧ್ಯಕ್ಷರೇ, ಕೇಳಲು ಬಂದವರನ್ನು ಬೈಯುವವರನ್ನು ಬೇಲಿಯಿಂದ ಇಳಿಸಬೇಕು."

ಓತಿಕ್ಯಾತ ತಲೆಯಾಡಿಸಿದ.

"ಬೇಲಿ ಎಲ್ಲರದ್ದಲ್ಲವೇ ಸ್ವಾಮಿ? ನನ್ನ ಬಾಯಿ, ನನ್ನ ಮಾತು," ಎಂದಿತು ಕಾಗೆ.

ಅದಕ್ಕೂ ತಲೆಯಾಡಿಸಿದ. ಕಾಗೆಗೆ ಇನ್ನೇನು ಬೇಕು, ಅಳಿಲಕ್ಕನ ಬೆನ್ನಿನ ಗೆರೆಯನ್ನೂ ಬಿಡದೆ ಆಡಿಕೊಂಡಿತು.

"ಸರಿ, ನಾವು ಬರುತ್ತೇವೆ," ಎಂದಳು ಅಳಿಲಕ್ಕ. "ಆಚೆ ಹೊಂಗೆಮರದಲ್ಲಿ ಕಾಜಾಣವಿದೆ, ಕಾಗೆ ಸುಳಿದರೆ ಕುಕ್ಕಿ ಓಡಿಸುತ್ತದೆ. ನಡಿ ಮಗು, ಅಲ್ಲಿ ಯಾರಾದರೂ ಗಂಟು ಹೇಳಿಕೊಡುತ್ತಾರೆ."

ಗೀಜಗ ಅವಳ ಹಿಂದೆ ಹಾರಿತು. ಮೈನಾ, ಗುಬ್ಬಿ, ಜೀರುಂಡೆ ಒಂದೊಂದಾಗಿ ಎದ್ದವು. ಬೈಯಲು ಯಾರೂ ಉಳಿಯದೆ ಕಾಗೆಗೂ ಬೇಸರ ಬಂದು, "ಇದೂ ಒಂದು ಸಭೆಯೇ?" ಎಂದು ಹೊರಟುಹೋಯಿತು.

ಓತಿಕ್ಯಾತ ಖಾಲಿ ಬೇಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ತಾನು ಒಬ್ಬರಿಗೂ ಇಲ್ಲವೆನ್ನಲಿಲ್ಲ, ಒಬ್ಬರನ್ನೂ ಇಳಿಸಲಿಲ್ಲ. ಹಾಗಾದರೆ ಸಭೆಯನ್ನು ಎಬ್ಬಿಸಿದ್ದು ಯಾರು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೊನೆಗೆ ಬೇಲಿಗೂಟದ ಕಡೆ ತಿರುಗಿ, "ನನ್ನ ತಪ್ಪೇನೂ ಇಲ್ಲ, ನೀನೇ ಸಾಕ್ಷಿ ಅಲ್ಲವೇನಪ್ಪ?" ಎಂದ.

ಗೂಟದ ಪರವಾಗಿ ತಾನೇ ತಲೆಯಾಡಿಸಿದ.