ಸಾಹೇಬರು ಬಿಟ್ಟುಕೊಟ್ಟ ಶೌಚಾಲಯ

ಸರ್ಕಾರಿ ಇಲಾಖೆಯ ನಿರ್ದೇಶಕ ವಿರೂಪಾಕ್ಷಯ್ಯನವರು ಬೆಳಿಗ್ಗೆಯೇ ಟೈಪಿಸ್ಟ್ ಗಂಗಾಂಬಿಕೆಯನ್ನು ಕರೆದು ಗುಡುಗಿದರು. “ಹೆಣ್ಣು ಗಂಡು ಸಮಾನತೆಗೆ ನಾವೇನು ಮಾಡಿದ್ದೀವಿ ಅಂತ ಕಲಿಯೋಕೆ ಪಕ್ಕದ ರಾಜ್ಯದ ಸರ್ಕಾರದಿಂದ ಅಧಿಕಾರಿಗಳು ಬರ್ತಿದ್ದಾರೆ. ಹನ್ನೊಂದಕ್ಕೆ ಏನಾದರೂ ತೋರಿಸಲೇಬೇಕು. ಮರ್ಯಾದೆ ಹೋದರೆ ನಿನಗೆ ವರ್ಗಾವಣೆ!”

ತೋರಿಸುವುದಾದರೂ ಏನನ್ನು? ಆ ಕಚೇರಿಯ ಹದಿನಾಲ್ಕು ಹೆಂಗಸರಿಗೆ ಒಂದು ಶೌಚಾಲಯವೂ ಇರಲಿಲ್ಲ. ಅವಸರವಾದರೆ ಬಸ್ ನಿಲ್ದಾಣಕ್ಕೆ ಓಡಬೇಕಿತ್ತು. ಸಾಹೇಬರಿಗೆ ಮಾತ್ರ ಆಳೆತ್ತರದ ಕನ್ನಡಿಯಿದ್ದ ಸ್ವಂತದ್ದೊಂದಿತ್ತು.

ಗಂಗಾಂಬಿಕೆ ಒಂದು ಗಳಿಗೆ ಯೋಚಿಸಿದಳು. ಆಮೇಲೆ ದಪ್ಪ ಅಕ್ಷರದಲ್ಲಿ ‘ಮಹಿಳೆಯರಿಗೆ’ ಎಂದು ಬರೆದು ಸಾಹೇಬರ ಶೌಚಾಲಯದ ಬಾಗಿಲಿಗೆ ಅಂಟಿಸಿಬಿಟ್ಟಳು.

ಬಂದ ಅಧಿಕಾರಿಗಳ ಮುಖ್ಯಸ್ಥೆ ಮೊದಲು ಹೊಕ್ಕಿದ್ದೇ ಅಲ್ಲಿಗೆ. ಹೊರಗೆ ಬಂದವರು ಬಾಗಿಲಿಗಂಟಿಸಿದ ಹೊಸ ಹಾಳೆ ನೋಡಿ, “ಎಷ್ಟು ಚೆನ್ನಾಗಿದೆ! ಮೊದಲು ಇದು ಯಾರದಾಗಿತ್ತು?” ಎಂದು ಕೇಳಿದರು.

“ನಮ್ಮ ಸಾಹೇಬರದೇ ಮೇಡಂ. ಹೆಂಗಸರಿಗೆ ಅಂತ ಬಿಟ್ಟುಕೊಟ್ಟರು” ಎಂದಳು ಗಂಗಾಂಬಿಕೆ.

ಪಕ್ಕದಲ್ಲೇ ನಿಂತಿದ್ದ ಸಾಹೇಬರು ಸಿಟ್ಟಿನಿಂದ ಬಾಯಿ ತೆರೆದರು. ಅಷ್ಟರಲ್ಲಿ ಮುಖ್ಯಸ್ಥೆ ಅವರ ಕೈ ಹಿಡಿದು ಕುಲುಕಿದರು. “ನಮ್ಮಲ್ಲಿ ಯಾರಿಗೂ ಇಂಥ ಮನಸ್ಸು ಬಂದಿಲ್ಲ, ಸರ್. ಆದೇಶದ ಪ್ರತಿ ಕೊಡಿ. ನಮ್ಮ ಸರ್ಕಾರವೂ ಜಾರಿಗೆ ತರಲಿ.”

ತೆರೆದ ಬಾಯಿ ಹೇಗೋ ನಗುವಾಯಿತು. “ಆದೇಶ... ಟೈಪ್ ಆಗ್ತಿದೆ” ಎಂದರು ಸಾಹೇಬರು.

ಐದೇ ನಿಮಿಷದಲ್ಲಿ ಟೈಪ್ ಆಯಿತು. ಸಹಿ ಬಿತ್ತು, ಮೊಹರೂ ಬಿತ್ತು. ಒಂದು ಪ್ರತಿ ಪಕ್ಕದ ರಾಜ್ಯಕ್ಕೂ ಹೊರಟಿತು.

ಮಧ್ಯಾಹ್ನ ಊಟಕ್ಕೆ ಕೂತ ಹದಿನಾಲ್ಕು ಹೆಂಗಸರು ಕಚೇರಿಯಲ್ಲಿ ಮೊದಲ ಸಲ ಹೆದರದೆ ಮಜ್ಜಿಗೆ ಕುಡಿದರು. ಗಂಗಾಂಬಿಕೆಯಂತೂ ಎರಡನೇ ಲೋಟಕ್ಕೆ ಕೈ ಚಾಚಿದಳು.